ಶರ್ಯತ್ತಿನ ಸೈಕಲ್‌ನಿಂದ ರಿಪೇರಿ ಸ್ಟ್ಯಾಂಡಿಗೆ: ಅಳತೆಯ ಕೆಲಸ, ನನ್ನ ಅನುಭವ

ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಶರ್ಯತ್ತಿಗೆ ಇಳಿಯುವ ಮಕ್ಕಳಿಗೆ ಮೊದಲು ತಿಳಿಯುವುದು ಗೇರಿನ ಲೆಕ್ಕ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು, 28 ಇಂಚಿನ ಗಾಲಿ ಇರುವ ಮಾಮೂಲಿ ಸೈಕಲ್ ಪೆಡಲಿನ ಒಂದು ಸುತ್ತಿಗೆ ಸುಮಾರು 5.45 ಮೀಟರ್ ಸಾಗುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 29 ಕಿ.ಮೀ. ದಾಟಿತು, ಅಷ್ಟೇ. ಹಿಂದಿನ 18 ತೆಗೆದು 16 ಹಾಕಿದರೆ ಅದೇ ತುಳಿತಕ್ಕೆ 33 ಆಗುತ್ತದೆ. ಆದರೆ ಎದುರುಗಾಳಿ ಬಿತ್ತೆಂದರೆ ಆ 16 ಹಲ್ಲೇ ಕಾಲು ಹಿಡಿಯುತ್ತದೆ.

ಜೂನಿಯರ್ ವಿಭಾಗದಲ್ಲಿ ಇದೇ ಲೆಕ್ಕ ನಿಯಮವಾಗಿತ್ತು. 2022ರ ಕೊನೆಯವರೆಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮಿತಿ ಸುತ್ತಿಗೆ 7.93 ಮೀಟರ್. ಅತಿ ಭಾರದ ಗೇರಿಗೆ ಹಾಕಿ, ಪೆಡಲ್ ಒಂದು ಸುತ್ತು ತಿರುಗುವಷ್ಟು ಸೈಕಲನ್ನು ಹಿಂದಕ್ಕೆ ಉರುಳಿಸಿ ನೆಲದ ಗೆರೆಗೆ ತಾಳೆ ನೋಡುತ್ತಿದ್ದರು. 25 ಮಿ.ಮೀ. ಟೈರಿನಲ್ಲಿ ಮುಂದೆ 52, ಹಿಂದೆ 14 ಹಲ್ಲು ಇಟ್ಟರೆ 7.82 ಬರುತ್ತದೆ, ಪಾಸು. 53-14 ಇಟ್ಟರೆ 7.97, ಅನರ್ಹ. ಒಂದೇ ಒಂದು ಹಲ್ಲಿನ ವ್ಯತ್ಯಾಸ. ಶರ್ಯತ್ತು ಬಿಟ್ಟು ಅಂಗಡಿಗೆ ಬಂದಾಗ ನನ್ನ ಕೈಗೆ ಉಳಿದ ಬಂಡವಾಳ ಈ ಅಭ್ಯಾಸವೇ: ಅಳೆಯುವುದು, ಬರೆದಿಡುವುದು. ಸವಾರಿ ಮಾಡಿದವರ ಕಾಲಿಗೆ ಎರಡು ಮಿಲಿಮೀಟರ್ ಸೀಟು ಇಳಿದರೂ ಗೊತ್ತಾಗುತ್ತದೆ. ಆದರೆ ಆ ಅಂದಾಜನ್ನು ಗಿರಾಕಿಗೆ ಮಾರಲಾಗದು, ಅಳತೆ ಬೇಕು.

ಆದ್ದರಿಂದ ಯಾವ ಸೈಕಲ್ ಬಂದರೂ ಬಿಚ್ಚುವ ಮೊದಲು ನಾಲ್ಕು ಅಂಕಿ ಬರೆದುಕೊಳ್ಳುತ್ತೇನೆ. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟು, ಸೀಟಿನ ಮೂತಿಯಿಂದ ತೂಗುಗುಂಡು ಬಿಟ್ಟರೆ ಅಚ್ಚಿಗಿಂತ ಎಷ್ಟು ಹಿಂದೆ, ಮೂತಿಯಿಂದ ಹ್ಯಾಂಡಲ್‌ಗೆ ಎಷ್ಟು ದೂರ, ಸೀಟಿಗಿಂತ ಹ್ಯಾಂಡಲ್ ಎಷ್ಟು ಕೆಳಗೆ. ಇದರ ಜೊತೆಗೆ ಕ್ರ್ಯಾಂಕಿನ ಉದ್ದ. 175 ಮಿ.ಮೀ. ಇದ್ದದ್ದನ್ನು 170ಕ್ಕೆ ಬದಲಿಸಿದರೆ ಸೀಟು 5 ಮಿ.ಮೀ. ಮೇಲೇರಬೇಕು. ಇದನ್ನು ಮರೆತವರ ಮೊಣಕಾಲಿನ ಮುಂಭಾಗ ಒಂದು ವಾರದಲ್ಲಿ ನೋಯತೊಡಗುತ್ತದೆ.

ಸೀಟಿನ ಎತ್ತರಕ್ಕೆ ಹಳೆಯ ಸೂತ್ರದಿಂದಲೇ ಶುರು ಮಾಡುತ್ತೇನೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ತೊಡೆಸಂದಿಗೆ ದಪ್ಪ ಪುಸ್ತಕ ಒತ್ತಿಹಿಡಿಸಿ, ನೆಲದಿಂದ ಅದರ ಮೇಲಂಚಿನವರೆಗೆ ಅಳೆದು 0.883ರಿಂದ ಗುಣಿಸುವುದು. 80 ಸೆಂ.ಮೀ. ಇದ್ದರೆ 70.6. ಇದು ಬರೀ ಆರಂಭ. ಆಮೇಲೆ ಹತ್ತು ನಿಮಿಷ ತುಳಿಸಿ, ಪೆಡಲ್ ಕೆಳಗಿದ್ದಾಗ ಮೊಣಕಾಲಿನ ಬಾಗು 25ರಿಂದ 35 ಡಿಗ್ರಿಯೊಳಗೆ ಇದೆಯೇ ನೋಡಬೇಕು. ಸೊಂಟ ಅತ್ತಿತ್ತ ಆಡುತ್ತಿದ್ದರೆ ಸೀಟು ಮೇಲಾಯಿತು. ಒಂದು ಸಲಕ್ಕೆ 3 ಮಿ.ಮೀ.ಗಿಂತ ಹೆಚ್ಚು ಕದಲಿಸುವುದಿಲ್ಲ.

ಶರ್ಯತ್ತಿನಿಂದ ಬಂದವರು ತಪ್ಪುವುದು ಇಲ್ಲೇ. ನಮಗೆ ಹ್ಯಾಂಡಲ್ ಸೀಟಿಗಿಂತ 9 ಸೆಂ.ಮೀ. ಕೆಳಗಿದ್ದರೂ ನಡೆಯುತ್ತಿತ್ತು. ಅದನ್ನೇ ದಿನವಿಡೀ ಕುರ್ಚಿಯಲ್ಲಿ ಕೂರುವ ನಡುವಯಸ್ಸಿನವರಿಗೆ ಕೂರಿಸಿದರೆ ಕುತ್ತಿಗೆ ಹಿಡಿದು, ಕಿರುಬೆರಳು ಜೋಮು ಹಿಡಿಯುತ್ತದೆ. 2–3 ಸೆಂ.ಮೀ.ಯಿಂದ ಶುರು ಮಾಡಿ, ಅವರೇ ಕೇಳಿದ ಮೇಲೆ ಇಳಿಸಿ.

ಗಾಲಿಯ ಬೆಂಡ್ ತೆಗೆಯುವುದು ನನಗೆ ಈ ಕಸುಬಿನಲ್ಲೇ ಅತಿ ಪ್ರೀತಿಯ ಕೆಲಸ. ಕಡ್ಡಿ ಮುರಿದರೆ 'ಬಹಳ ಬಿಗಿ ಆಗಿತ್ತು' ಎನ್ನುವವರೇ ಹೆಚ್ಚು. ಬಹುತೇಕ ಸಲ ಮುರಿಯುವುದು ಸಡಿಲ ಕಡ್ಡಿ. ಪ್ರತಿ ಸುತ್ತಿಗೂ ಎಳೆತ ಏರಿಳಿದು ಹಬ್ಬಿನ ಹತ್ತಿರದ ಬಾಗಿನಲ್ಲಿ ದಣಿದು ತುಂಡಾಗುತ್ತದೆ. ಹಿಂಗಾಲಿಯಲ್ಲಿ ಚೈನ್ ಬದಿಯ ಕಡ್ಡಿಗಳನ್ನು 110–120 ಕೆ.ಜಿ. ಎಳೆತಕ್ಕೆ ತರುತ್ತೇನೆ. ರಿಮ್ಮಿನ ಮಿತಿ ಅದಕ್ಕಿಂತ ಕಡಿಮೆ ಎಂದು ಬರೆದಿದ್ದರೆ ಅದೇ ಅಂತಿಮ. ಎಡಬದಿಯಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಬರುತ್ತದೆ, ಗಾಲಿ ನಡುವಿಗೆ ಕೂರಬೇಕಾದ್ದರಿಂದ. ಮೊದಲು ಏರುತಗ್ಗು, ಆಮೇಲೆ ಎಡಬಲದ ಓಲಾಟ, ಆಮೇಲೆ ನಡು. ನಿಪ್ಪಲ್ (ರಿಮ್ಮಿನಲ್ಲಿ ಕಡ್ಡಿ ಬಿಗಿಯುವ ನಟ್ಟು) ಒಂದು ಸಲಕ್ಕೆ ಕಾಲು ಸುತ್ತು. ಕೊನೆಗೆ ಅಕ್ಕಪಕ್ಕದ ಸಮಾಂತರ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಮತ್ತೆ ನೋಡಬೇಕು. ಈ ಹಿಂಡುವಿಕೆ ಬಿಟ್ಟರೆ ಮೊದಲ ಸವಾರಿಯಲ್ಲೇ ಟಣಟಣ ಸದ್ದು ಮಾಡಿ ಬೆಂಡ್ ವಾಪಸ್ಸು ಬರುತ್ತದೆ.

ಹಳೆಯ ಹಬ್ಬು ಬಂದರೆ ಛರ್ರೆ (ಬೇರಿಂಗಿನ ಉಕ್ಕಿನ ಗುಂಡು) ಎಣಿಸಿ ಹಾಕಿ: ಶಿಮಾನೋ ಮಾದರಿಯಲ್ಲಿ ಮುಂದೆ ಬದಿಗೆ 3/16 ಇಂಚಿನವು 10, ಹಿಂದೆ ಬದಿಗೆ 1/4 ಇಂಚಿನವು 9.

ಕಾರ್ಬನ್ ಸೈಕಲಿಗೆ ಟಾರ್ಕ್ ಪಾನಾ (ಬಿಗಿ ಎಷ್ಟೆಂದು ತೋರಿಸುವ ಪಾನಾ) ಇಲ್ಲದೆ ಕೈ ಹಚ್ಚಬೇಡಿ. ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನ ಬೋಲ್ಟಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಕ್ಯಾಸೆಟ್ಟಿನ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಲಾಕ್‌ರಿಂಗ್‌ಗೆ 40. ಕಾರ್ಬನ್ ಸೀಟ್‌ಪೋಸ್ಟಿಗೆ ಗ್ರೀಸ್ ಬೇಡ, ಮರಳುಮರಳಾದ ಕಾರ್ಬನ್ ಪೇಸ್ಟ್ ಹಚ್ಚಬೇಕು. ಗ್ರೀಸ್ ಹಚ್ಚಿದರೆ ಅದು ಜಾರುತ್ತದೆ, ಜಾರಿದ್ದಕ್ಕೆ ಇನ್ನಷ್ಟು ಬಿಗಿಯುತ್ತೀರಿ, ಸೀಳುತ್ತದೆ. ಸ್ಟ್ಯಾಂಡಿಗೆ ಕಚ್ಚಿಸುವಾಗಲೂ ಚೌಕಟ್ಟಿನ ಕೊಳವೆ ಬಿಟ್ಟು ಸೀಟ್‌ಪೋಸ್ಟನ್ನೇ ಕಚ್ಚಿಸಿ.

ಡಿಸ್ಕ್ ಬ್ರೇಕ್ ನನ್ನ ಕಾಲದ ಸವಾರರು ಹೊಸದಾಗಿ ಕಲಿಯಬೇಕಾದ ವಿದ್ಯೆ. ಶಿಮಾನೋಗೆ ಮಿನರಲ್ ಆಯಿಲ್, ಸ್ರಾಮ್ ರೋಡ್ ಬ್ರೇಕಿಗೆ ಡಾಟ್ ದ್ರವ. ಅದಲು ಬದಲಾದರೆ ಒಳಗಿನ ರಬ್ಬರ್ ಸೀಲು ಉಬ್ಬಿ ಇಡೀ ಲಿವರ್ ಹಾಳಾಗುತ್ತದೆ. ಎರಡಕ್ಕೂ ಬೇರೆ ಬೇರೆ ಸಿರಿಂಜ್, ಬೇರೆ ಬಣ್ಣದ ಟೇಪು ಇಟ್ಟಿದ್ದೇನೆ.

ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಚೈನ್ ಬೇರೆ ಕಡೆಗಿಂತ ಬೇಗ ಸವೆಯುತ್ತದೆ. ಎಣ್ಣೆಗೆ ಧೂಳು ಕೂಡಿ ಸಾಣೆಯ ಮಸಿಯಾಗುತ್ತದೆ. ಒಣ ದಿನಗಳಲ್ಲಿ ಮೇಣ ಹಚ್ಚಿಸಿಕೊಳ್ಳಿ ಎನ್ನುತ್ತೇನೆ, ಮಳೆಗಾಲಕ್ಕೆ ಮಾತ್ರ ದಪ್ಪ ಎಣ್ಣೆ. 11, 12 ಸ್ಪೀಡಿನ (ಹಿಂದೆ ಅಷ್ಟು ಹಲ್ಲುಚಕ್ರ ಇರುವ) ಚೈನ್, ಸವೆತ ಅಳೆಯುವ ಗೇಜಿನಲ್ಲಿ ಶೇ. 0.5 ಹಿಗ್ಗು ತೋರಿಸಿದ ದಿನವೇ ಬದಲಿಸಬೇಕು, 10 ಹಾಗೂ ಅದಕ್ಕಿಂತ ಕಡಿಮೆಯದಾದರೆ 0.75ರವರೆಗೆ ಬಿಡಬಹುದು. ದಾಟಿಸಿದರೆ ಕ್ಯಾಸೆಟ್ ಹಲ್ಲೂ ಸವೆದು, ಹೊಸ ಚೈನ್ ಹಾಕಿದಾಗ ಹಾರತೊಡಗುತ್ತದೆ. ಗೇಜಿನ ಓದು, ತಾರೀಖು ಎರಡನ್ನೂ ಗಿರಾಕಿಯ ಕಾರ್ಡಿನಲ್ಲಿ ಬರೆದು ಅವರ ಎದುರಿಗೇ ಓದಿ ಹೇಳುತ್ತೇನೆ.