ಘಟಪ್ರಭೆಯ ಗರಸಿನಲ್ಲಿ ಮೂಳೆಯನ್ನು ಕಲ್ಲಿನಿಂದ ಬೇರ್ಪಡಿಸಿದ ನನ್ನ ಅನುಭವ

ಘಟಪ್ರಭೆಯ ದಂಡೆಯಲ್ಲಿ ಪಳೆಯುಳಿಕೆ ಹುಡುಕುವವರನ್ನು ಮೋಸಗೊಳಿಸುವುದು ಮುಖ್ಯವಾಗಿ ಕಂಕರ, ಅಂದರೆ ಮಣ್ಣಿನಲ್ಲಿ ಸುಣ್ಣ ಗಟ್ಟಿಯಾಗಿ ಆದ ಗಂಟುಕಲ್ಲು. ಗಿಡದ ಬೇರಿನ ಸುತ್ತ ಸುಣ್ಣ ಕಟ್ಟಿ, ಬೇರು ಕೊಳೆತ ಮೇಲೆ ನಡುವೆ ಟೊಳ್ಳು ಉಳಿದ ಕಂಕರದ ಕೊಳವೆಗಳನ್ನು ನಾನು ಮಜ್ಜೆಯ ಕುಹರವಿರುವ ಕಾಲುಮೂಳೆಗಳೆಂದೇ ನಂಬಿ, ಮೊದಲ ಎರಡು ಬೇಸಿಗೆಗಳಲ್ಲಿ ಮೂರು ಚೀಲ ಹೊತ್ತು ತಂದೆ. ಅವುಗಳಲ್ಲಿ ನಾಲ್ಕನ್ನು ಒಂದು ಪ್ರಯೋಗಾಲಯಕ್ಕೆ ಕಳುಹಿಸಿ ಸುಮಾರು 6,000 ರೂಪಾಯಿ ತೆತ್ತಾಗ, ನಾಲ್ಕೂ ಕ್ಯಾಲ್ಸೈಟ್, ಅಂದರೆ ಬರೀ ಸುಣ್ಣದ ಖನಿಜ, ಎಂಬ ಒಂದು ಸಾಲಿನ ಉತ್ತರ ಬಂತು. ಆದರೂ ಬಿಡಲಿಲ್ಲ, ಏಕೆಂದರೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗೋಕಾಕದ ಬಳಿ ಕಂಡು 1874ರಲ್ಲಿ ಪ್ರಕಟಿಸಿದ ಘೇಂಡಾಮೃಗದ ಮೂಳೆಗಳು ಇದೇ ಸೀಮೆಯವು.

ನಾಲಿಗೆಗೆ ಅಂಟಿಸಿ ನೋಡುವ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಜೇಡಿ ಬೆರೆತ ಕಂಕರವೂ ಅಂಟುತ್ತದೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ನೊರೆ ಬಂದರೆ ಕಲ್ಲು ಎಂಬ ನಿಯಮವನ್ನು ಒಂದು ವರ್ಷ ಪಾಲಿಸಿದೆ. ಮೂಳೆಯ ರಂಧ್ರಗಳಲ್ಲಿ ಸುಣ್ಣ ತುಂಬಿಕೊಂಡಿದ್ದರೆ ಅದೂ ನೊರೆ ಬಿಡುತ್ತದೆ ಎಂಬುದು ತಿಳಿಯುವ ಹೊತ್ತಿಗೆ ಹಿತ್ತಲಿನಲ್ಲಿ ನಾನು ತಿರಸ್ಕರಿಸಿದ ತುಂಡುಗಳ ದೊಡ್ಡ ರಾಶಿಯೇ ಬಿದ್ದಿತ್ತು. ಅತಿನೇರಳೆ ಟಾರ್ಚಿಗೆ 900 ರೂಪಾಯಿ ಕೊಟ್ಟೆ. ಅದರ ಬೆಳಕಿನಲ್ಲಿ ಕಂಕರವೂ ಹೊಳೆಯಿತು.

ಕೊನೆಗೆ ಕೈಹಿಡಿದದ್ದು ಅಮೋನಿಯಂ ಮಾಲಿಬ್ಡೇಟ್. ಚಿಟಿಕೆ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಮಾಲಿಬ್ಡೇಟ್ ದ್ರಾವಣ ಬೆರೆಸಿ, ಬಿಸಿ ಮಾಡಿದಾಗ ಹಳದಿ ಗಷ್ಟು ತಳದಲ್ಲಿ ಕೂತರೆ ಆ ಪುಡಿಯಲ್ಲಿ ರಂಜಕ (ಫಾಸ್ಫರಸ್) ಇದೆ; ಮೂಳೆಯಲ್ಲಿ ಅದು ಹೇರಳ, ಸುಣ್ಣದ ಕಂಕರದಲ್ಲಿ ಅಷ್ಟಿಲ್ಲ. ಬರೀ ದ್ರಾವಣ ಹಳದಿಯಾದರೆ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಲದ ಕಲ್ಲಿನಲ್ಲೆಲ್ಲ ರಂಜಕ ಇದ್ದೇ ಇರುತ್ತದೆ, ಇದು ವ್ಯರ್ಥ ಶ್ರಮ ಎಂದು ಜೊತೆಗಾರರು ಹೇಳಿದರು. ಮೊದಲ ತಿಂಗಳು ಅವರ ಮಾತೇ ನಿಜವಾಗಿ, ಕಬ್ಬಿನ ಗದ್ದೆಯ ಅಂಚಿನ ತುಂಡುಗಳೆಲ್ಲ ಹಳದಿ ತೋರಿಸಿದವು. ಅದು ಮೇಲ್ಮೈಗೆ ಹತ್ತಿದ, ರಂಜಕವಿರುವ ಡಿಎಪಿ ಗೊಬ್ಬರ ಎಂದು ಹೊಳೆದದ್ದು, ಅದೇ ಕಲ್ಲುಗಳನ್ನು ಒಡೆದು ಒಳಗಿನ ಪುಡಿ ತೆಗೆದಾಗ ಹಳದಿ ಕಾಣದೇ ಹೋದ ಮೇಲೆ. ಎಷ್ಟು ಆಳದಿಂದ ಪುಡಿ ತೆಗೆಯಬೇಕು, ಎಷ್ಟು ಹೊತ್ತು ಬಿಸಿ ಮಾಡಬೇಕು ಎಂಬುದು ನಾನು ಕಷ್ಟಪಟ್ಟು ಕಂಡುಕೊಂಡದ್ದು, ಸದ್ಯ ನನ್ನಲ್ಲೇ ಇರಲಿ.

ಹೊಳೆಯಲ್ಲಿ ತೇಲಿ ಬಂದ ಈಚಿನ ದನದ ಮೂಳೆಯೂ ಹಳದಿ ತೋರಿಸುವುದರಿಂದ, ಚೂರೊಂದನ್ನು ಸ್ಪಿರಿಟ್ ದೀಪದ ಮೇಲೆ ಹಿಡಿಯುತ್ತೇನೆ. ಕೂದಲು ಸುಟ್ಟ ವಾಸನೆ ಬಂದರೆ ಅದನ್ನು ಬದಿಗಿಡುತ್ತೇನೆ. ಉಳಿದದ್ದರ ಮುರಿದ ಅಂಚಿನಲ್ಲಿ, ಹತ್ತು ಪಟ್ಟಿನ ಭೂತಗನ್ನಡಿಗೆ, ಹೊರಗೆ ಗಟ್ಟಿ ಪದರವೂ ಒಳಗೆ ಜೇನುಗೂಡಿನಂಥ ಜಾಲವೂ ಕಾಣಬೇಕು. ಕಂಕರದ ಕೊಳವೆಯಲ್ಲಿ ಈ ಜಾಲವನ್ನು ನಾನು ಒಮ್ಮೆಯೂ ಕಂಡಿಲ್ಲ.

ಸುಮಾರು 400 ತುಂಡುಗಳಲ್ಲಿ ಈ ಮೂರು ಪರೀಕ್ಷೆಗಳನ್ನೂ ದಾಟಿದ್ದು ಒಂಬತ್ತೋ ಹತ್ತೋ. ಅವುಗಳಲ್ಲಿ ಒಂದನ್ನು ತಜ್ಞರೊಬ್ಬರು ದನದ ಜಾತಿಯ ಪ್ರಾಣಿಯ ದವಡೆಮೂಳೆಯ ತುಂಡು ಎಂದು ನೋಡಿದ ಕೂಡಲೇ ಗುರುತಿಸಿದರು. ನನ್ನನ್ನು ತಡೆದಿದ್ದ ಜೊತೆಗಾರರು ಈಗ ತಮ್ಮ ತುಂಡುಗಳನ್ನು ನನ್ನ ಬಳಿಗೇ ತರುತ್ತಾರೆ. ಒಟ್ಟು ಖರ್ಚು 15,000 ದಾಟಿರಬಹುದು, ಅದರಲ್ಲಿ ಮಾಲಿಬ್ಡೇಟಿನ ಪಾಲು ತೀರಾ ಸಣ್ಣದು.

ಹಿತ್ತಲಿನ ರಾಶಿಯನ್ನು ಮತ್ತೆ ಕೆದಕಿದಾಗ, ನೊರೆ ಬಂತೆಂದು ನಾನೇ ಎಸೆದಿದ್ದ ಎರಡು ತುಂಡುಗಳು ಮೂಳೆಗಳೆಂದು ಸಾಬೀತಾದವು. ಅರ್ಧಕ್ಕಿಂತ ಹೆಚ್ಚು ರಾಶಿ ಇನ್ನೂ ಬಾಕಿಯಿದೆ. ಇನ್ನೊಂದು ಸೀಸೆ ಮಾಲಿಬ್ಡೇಟ್ ತರಿಸಿಟ್ಟಿದ್ದೇನೆ.