ಒಂದು ಕಿವಿ ಮಾತಿಗೆ, ಒಂದು ಕಿವಿ ಹಾಡಿಗೆ

ಕಳೆದ ಶಿವರಾತ್ರಿಗೆ ನಮ್ಮ ಕ್ಯಾತ್ಸಂದ್ರದ ಭಜನಾ ಮಂಡಳಿಯ ಒಂಬತ್ತು ಹಾಡು ಪೆನ್‌ಡ್ರೈವ್ ಸೇರಿತು. ರೆಕಾರ್ಡಿಂಗ್, ಎಡಿಟಿಂಗ್, ಮಿಕ್ಸಿಂಗ್ ಎಲ್ಲಾ ನನ್ನದೇ. ನನಗೆ ಕಣ್ಣು ಕಾಣಲ್ಲ. ಲ್ಯಾಪ್‌ಟಾಪಿನ ಸ್ಕ್ರೀನ್ ಕಡೆ ಬೇರೆ ಯಾರೂ ನೋಡಲಿಲ್ಲ. ನೋಡಿದ್ದರೂ ಏನೂ ಕಾಣುತ್ತಿರಲಿಲ್ಲ ಬಿಡಿ, ಬ್ಯಾಟರಿ ಉಳಿಯಲಿ ಅಂತ ಬ್ರೈಟ್‌ನೆಸ್ ಸೊನ್ನೆಗೆ ಇಳಿಸಿದ್ದೆ.

ಎರಡೂವರೆ ವರ್ಷದ ಹಿಂದೆ ತುಮಕೂರಿನ ಒಬ್ಬ ಸ್ಟುಡಿಯೋದವರನ್ನು ಕೇಳಿದ್ದೆ, "ನಾನೇ ಮನೆಯಲ್ಲಿ ರೆಕಾರ್ಡ್ ಮಾಡಬೇಕು ಅಂತಿದ್ದೀನಿ, ಸ್ವಲ್ಪ ಹೇಳಿಕೊಡ್ತೀರಾ?" "ಸ್ಕ್ರೀನಲ್ಲಿ ಸದ್ದಿನ ವೇವ್ ನೋಡದೆ ಎಲ್ಲಿ ಕತ್ತರಿಸ್ತೀರಾ ಸಾರ್? ಹಾರ್ಮೋನಿಯಂ ನುಡಿಸ್ಕೊಂಡು ಆರಾಮಾಗಿರಿ" ಅಂದರು. ಆಮೇಲೆ ಇನ್ನೊಬ್ಬರು 6,000 ರೂಪಾಯಿ ತಗೊಂಡು ಹೇಳಿಕೊಡ್ತೀನಿ ಅಂದರು. ಅವರ ಪಾಠ ಪೂರ್ತಿ "ಇಲ್ಲಿ ಕ್ಲಿಕ್ ಮಾಡಿ, ಆ ಹಸಿರು ಗೀಟು ಎಳೀರಿ" ಅನ್ನೋದೇ. ನಾಲ್ಕನೇ ಕ್ಲಾಸಿಗೆ ನಾನೇ ನಿಲ್ಲಿಸಿದೆ. ದುಡ್ಡು ವಾಪಸ್ ಕೇಳೋಕೆ ಸಂಕೋಚ ಆಯಿತು, ಕೇಳಲಿಲ್ಲ.

ರೀಪರ್ ಅಂದರೆ ಹಾಡು ರೆಕಾರ್ಡ್ ಮಾಡಿ ತಿದ್ದೋ ಸಾಫ್ಟ್‌ವೇರ್, ಎನ್‌ವಿಡಿಎ ಸ್ಕ್ರೀನಿನಲ್ಲಿ ಇರೋದನ್ನು ಓದಿ ಹೇಳೋ ಸ್ಕ್ರೀನ್ ರೀಡರ್, ಒಸಾರಾ ರೀಪರನ್ನು ಅದರಿಂದ ಓದಿಸೋ ಜೋಡಣೆ. ಈ ಮೂರನ್ನು ಹಾಕಿಕೊಳ್ಳೋದು ಕಣ್ಣು ಕಾಣದ ನಮ್ಮವರಿಗೆ ಗೊತ್ತೇ ಇದೆ. ರೀಪರಿನ ಇನ್ನೊಂದು ಜೋಡಣೆ ಎಸ್‌ಡಬ್ಲ್ಯೂಎಸ್ ಕೂಡ ಹಾಕಿ, ಒಸಾರಾ ಕೊಡೋ ಕೀಮ್ಯಾಪ್ (ಯಾವ ಕೀಗೆ ಯಾವ ಕೆಲಸ ಅನ್ನೋ ಪಟ್ಟಿ) ಒಪ್ಪಿಕೊಳ್ಳಿ. ಯಾವ ಕೀ ಏನು ಮಾಡುತ್ತದೆ ಅಂತ ಮರೆತರೆ ಎಫ್12 ಒತ್ತಿ, ಆಮೇಲೆ ಆ ಕೀ ಒತ್ತಿದರೆ ಹೇಳುತ್ತದೆ. ಇಷ್ಟು ಸಾಕು. ನಾನು ಸೋತಿದ್ದು ಇಲ್ಲಿ ಅಲ್ಲ. ಸೌಂಡ್ ಕಾರ್ಡಿನಲ್ಲಿ.

ಶುರುವಿನಲ್ಲಿ ನನ್ನ ಹತ್ತಿರ ಇದ್ದಿದ್ದು ಒಂದು ಹಳೇ ಲ್ಯಾಪ್‌ಟಾಪ್, ಸೆಕೆಂಡ್ ಹ್ಯಾಂಡ್, ಸುಮಾರು 21,000 ಕೊಟ್ಟಿದ್ದೆ. ಎಂಟು ಜಿಬಿ ರ‍್ಯಾಮ್. ಮೈಕನ್ನು ಕಂಪ್ಯೂಟರಿಗೆ ಜೋಡಿಸೋ ಡಬ್ಬ, ಅಂದರೆ ಇಂಟರ್‌ಫೇಸ್ ಇಲ್ಲ, ಹಾಗಾಗಿ ಲ್ಯಾಪ್‌ಟಾಪಿನ ಸೌಂಡ್ ಕಾರ್ಡನ್ನೇ ಬಳಸೋ ಆಸಿಯೋ4ಆಲ್ ಅನ್ನೋ ಡ್ರೈವರ್ ಹಾಕಿದೆ. ರೀಪರಿನಲ್ಲಿ ಅದನ್ನು ಆರಿಸಿ ಓಕೆ ಒತ್ತಿದೆ ನೋಡಿ, ಎನ್‌ವಿಡಿಎ ಬಾಯಿ ಮುಚ್ಚಿತು. ಸೌಂಡ್ ಕಾರ್ಡನ್ನು ಆಸಿಯೋ4ಆಲ್ ತಾನೊಬ್ಬನೇ ಹಿಡಿದುಕೊಂಡುಬಿಡುತ್ತದೆ, ಬೇರೆ ಯಾರಿಗೂ ಬಿಡೋದಿಲ್ಲ. ಲ್ಯಾಪ್‌ಟಾಪ್ ಕೆಟ್ಟಿತು ಅಂತ ಮುಕ್ಕಾಲು ಗಂಟೆ ಕೂತಿದ್ದೆ. ಕೊನೆಗೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿದೆ. ಮತ್ತೆ ರೀಪರ್ ತೆರೆದರೆ ಮತ್ತೆ ಮೌನ. ಅಕ್ಕನ ಮಗ ಕಾಲೇಜಿಂದ ಬರೋವರೆಗೂ ಕಾದು, "ಬಾರೋ, ಸ್ಕ್ರೀನಲ್ಲಿ ಏನಿದೆ ಓದು" ಅಂದೆ. "ಎಲ್ಲಾ ಸರಿ ಇದೆಯಲ್ಲ ಮಾವ, ಏನಾಗಿದೆ?" ಅಂದ. ಅವನಿಗೆ ಎಲ್ಲಾ ಸರಿಯಾಗೇ ಕಾಣುತ್ತಿತ್ತು!

ರೀಪರಿನ ಪ್ರಿಫರೆನ್ಸಸ್‌ನಲ್ಲಿ ಒಂದು ಚೆಕ್‌ಬಾಕ್ಸ್ ಇದೆ. ಹಾಡು ನಿಂತಿರುವಾಗ, ರೀಪರ್ ಮುಂದೆ ಇಲ್ಲದಾಗ ಆಡಿಯೋ ಡಿವೈಸನ್ನು ಬಿಟ್ಟುಕೊಡು ಅನ್ನೋದು. ಅದನ್ನು ಹಾಕಿದ ಮೇಲೆ ಆಲ್ಟ್ ಟ್ಯಾಬ್ ಒತ್ತಿ ಹೊರಗೆ ಬಂದರೆ ಎನ್‌ವಿಡಿಎ ಮಾತಾಡುತ್ತಿತ್ತು. ಒಳಗೆ ಹೋದರೆ ಮತ್ತೆ ಸುಮ್ಮನೆ. ಅರ್ಧ ಗೆಲುವು.

ಸರಿ, ಇಂಟರ್‌ಫೇಸ್ ತಗೋಬೇಕು ಅಂತ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಒಂದು ಅಂಗಡಿಯಲ್ಲಿ 7,500ಕ್ಕೆ ಒಂದು ಕೊಟ್ಟರು. ಮುಟ್ಟಿ ನೋಡಿದೆ, ಮುಂದೆ ಒಂದೇ ದೊಡ್ಡ ಗುಂಡಿ, ಉಳಿದದ್ದೆಲ್ಲಾ ನುಣ್ಣಗೆ. ಆಗಲೇ ಅನುಮಾನ ಬರಬೇಕಿತ್ತು. ಮನೆಗೆ ಬಂದು ನೋಡಿದರೆ ಗೇನ್ (ಮೈಕಿನ ದನಿ ಎಷ್ಟು ಏರಿಸಬೇಕು ಅನ್ನೋದು), ಮಾನಿಟರ್ (ಹಾಡುವಾಗಲೇ ಹೆಡ್‌ಫೋನಿನಲ್ಲಿ ಕೇಳೋದು) ಎಲ್ಲಾ ಅದರ ಸಾಫ್ಟ್‌ವೇರ್ ಒಳಗೆ. ಆ ಸಾಫ್ಟ್‌ವೇರಿನಲ್ಲಿ ಟ್ಯಾಬ್ ಒತ್ತಿದರೆ ಎಲ್ಲೂ ಹೋಗಲ್ಲ. ಎನ್‌ವಿಡಿಎ ಕೀ ಜೊತೆ ಆರ್ ಒತ್ತಿ ಓಸಿಆರ್ ಮಾಡಿದೆ, ಅಂದರೆ ಚಿತ್ರದಲ್ಲಿರೋ ಅಕ್ಷರ ಓದಿಸಿದೆ. "ಗೇನ್, ಮಿಕ್ಸ್, ಮ್ಯೂಟ್" ಅಂತ ಓದಿತು. ಸಂತೋಷ, ಆದರೆ ಸ್ಲೈಡರನ್ನು ಸರಿಸೋದು ಯಾರು? ವಾಪಸ್ ಕೊಡೋಕೆ ಹೋದರೆ ತಗೊಳ್ಳಲಿಲ್ಲ. ಒಬ್ಬ ಹುಡುಗನಿಗೆ 4,000ಕ್ಕೆ ಮಾರಿದೆ. ಕಣ್ಣು ಕಾಣೋರಿಗೆ ಅದು ಒಳ್ಳೇ ಡಬ್ಬ, ಅವನು ಖುಷಿಯಾಗಿದ್ದಾನೆ.

ಎರಡನೇ ಸಲ ಅಂಗಡಿಯವರ ಮಾತೇ ಕೇಳಲಿಲ್ಲ. "ಡಬ್ಬ ಬಿಚ್ಚಿ ಕೈಗೆ ಕೊಡಿ" ಅಂದೆ. ನನ್ನ ಪರೀಕ್ಷೆ ಮೂರು. ಪ್ರತಿ ಮೈಕಿಗೂ ಬೇರೆ ಗೇನ್ ನಾಬ್ ಇರಬೇಕು, ತಿರುಗಿಸಿದರೆ ಎರಡೂ ಕೊನೆಯಲ್ಲಿ ನಿಲ್ಲಬೇಕು. ಸುಮ್ನೆ ಸುತ್ತುತ್ತಾ ಇರೋ ನಾಬ್ ಬೇಡ, ಅದರ ಲೆಕ್ಕ ದೀಪದಲ್ಲಿ ಇರುತ್ತದೆ. ಮೈಕಿನ ಸದ್ದು ಕಂಪ್ಯೂಟರಿಗೆ ಸುತ್ತದೆ ನೇರ ಹೆಡ್‌ಫೋನಿಗೆ ಬರೋ ಡೈರೆಕ್ಟ್ ಮಾನಿಟರ್‌ಗೆ ಸ್ವಿಚ್ ಇರಬೇಕು. ಕೆಲವು ಮೈಕಿಗೆ ಕರೆಂಟು ಕೊಡೋ 48 ವೋಲ್ಟ್ ಬಟನ್ ಒತ್ತಿದರೆ ಒಳಗೆ ಹೋಗಿ ಕೂರಬೇಕು, ಆನ್ ಆಗಿದೆಯಾ ಅಂತ ಬೆರಳಿಗೆ ಗೊತ್ತಾಗಬೇಕು. ಅಂಥದ್ದು 11,000ಕ್ಕೆ ಸಿಕ್ಕಿತು. ಅಂಗಡಿಯ ಹುಡುಗ "ಏನ್ ಸಾರ್, ಮಾವಿನಹಣ್ಣು ಒತ್ತಿ ನೋಡಿದಂಗೆ ನೋಡ್ತಾ ಇದ್ದೀರಾ" ಅಂದ. ಹೌದಪ್ಪಾ ಅಂದೆ.

ಈಗ ಅಸಲು ವಿಷಯ. ಎನ್‌ವಿಡಿಎ ಮಾತು ಲ್ಯಾಪ್‌ಟಾಪಿನ ಒಳಗಿನ ಸೌಂಡ್ ಕಾರ್ಡಿಗೆ, ರೀಪರ್ ಇಂಟರ್‌ಫೇಸಿಗೆ. ಎರಡು ದಾರಿ, ಎಲ್ಲೂ ಕೂಡಬಾರದು. ಎನ್‌ವಿಡಿಎಯಲ್ಲಿ ಔಟ್‌ಪುಟ್ ಡಿವೈಸನ್ನು ಡಿಫಾಲ್ಟ್ ಅಂತ ಬಿಡಬೇಡಿ, ಹೆಸರು ಆರಿಸಿಯೇ ಇಡಿ. ಇಲ್ಲದಿದ್ದರೆ ಇಂಟರ್‌ಫೇಸ್ ಚುಚ್ಚಿದ ಕೂಡಲೇ ವಿಂಡೋಸ್ ಅದನ್ನೇ ಡಿಫಾಲ್ಟ್ ಮಾಡಿಕೊಂಡು ಮಾತೂ ಅಲ್ಲಿಗೇ ಹೋಗುತ್ತದೆ. ಎನ್‌ವಿಡಿಎ ಮಾತಾಡುವಾಗ ಬೇರೆ ಸದ್ದು ತಗ್ಗಿಸೋ ಆಡಿಯೋ ಡಕಿಂಗ್ ಆಫ್. ರೀಪರಿಗೆ ಅಂತ ಬೇರೆ ಪ್ರೊಫೈಲ್ ಮಾಡಿ, ಅದರಲ್ಲಿ ಮಾತು ಕಡಿಮೆ ಇಡಿ.

ಕೇಳಿಸಿಕೊಳ್ಳೋಕೆ? ಇದಕ್ಕೂ ದುಡ್ಡು ಕಳೆದೆ. ಮಾತಿಗೆ ಬ್ಲೂಟೂತ್ ಇಯರ್‌ಫೋನ್ 3,500 ಕೊಟ್ಟು ತಂದೆ. ಮಾತು ತಡವಾಗಿ ಬರುತ್ತದೆ. ನಾನು ಬಾಣದ ಕೀ ಒತ್ತಿ ಮೂರು ಟ್ರ್ಯಾಕ್ ದಾಟಿದ ಮೇಲೆ ಅದು ಮೊದಲನೇ ಟ್ರ್ಯಾಕಿನ ಹೆಸರು ಹೇಳುತ್ತಿತ್ತು. ಈಗ ನನ್ನ ಏರ್ಪಾಡು ನಗು ಬರೋ ಥರ ಇದೆ. ಎಡಗಿವಿಗೆ 150 ರೂಪಾಯಿಯ ವೈರ್ ಇಯರ್‌ಫೋನಿನ ಒಂದು ತುದಿ, ಅದರಲ್ಲಿ ಎನ್‌ವಿಡಿಎ. ಅದರ ಮೇಲೆ ದೊಡ್ಡ ಹೆಡ್‌ಫೋನ್, ಅದರ ಎಡಗಡೆಯ ಕಪ್ ಕಿವಿಯಿಂದ ಸ್ವಲ್ಪ ಹಿಂದಕ್ಕೆ. ಅದರಲ್ಲಿ ಹಾಡು. ಮಿಕ್ಸ್ ಮಾಡುವಾಗ ಮಾತ್ರ ಎಡಗಿವಿಯ ಇಯರ್‌ಫೋನ್ ತೆಗೆದು ಎರಡೂ ಕಿವಿಯಲ್ಲಿ ಹಾಡು ಕೇಳುತ್ತೇನೆ, ಇಲ್ಲದಿದ್ದರೆ ಎಡ ಬಲ ತೂಗುವುದಿಲ್ಲ.

ಹೆಡ್‌ಫೋನ್ ಸದ್ದು ಹೊರಗೆ ಸೋರದ, ಮುಚ್ಚಿದ ಥರದ್ದೇ ಇರಲಿ. ಮೊದಲು ತೆರೆದ ಥರದ್ದು ಇತ್ತು, ಎನ್‌ವಿಡಿಎಯನ್ನೂ ಅದರಲ್ಲೇ ಕೇಳುತ್ತಿದ್ದೆ. ಮೈಕ್ ಒಂದು ಮೊಳ ದೂರ. ಹಾಡೆಲ್ಲಾ ಮುಗಿದ ಮೇಲೆ ಮಂಡಳಿಯವರಿಗೆ ಹಾಕಿ ಕೇಳಿಸಿದೆ. ಎರಡನೇ ಚರಣದ ನಡುವೆ ಸಣ್ಣಗೆ, ಗಡಿಬಿಡಿಯಲ್ಲಿ, "ಟ್ರ್ಯಾಕ್ ತ್ರೀ ಆರ್ಮ್ಡ್." ಹಾಡುವ ಅಮ್ಮನವರು ಕೇಳಿದರು, "ಮೇಷ್ಟ್ರೇ, ಯಾರದು ನಮ್ಮ ಹಾಡಲ್ಲಿ ಇಂಗ್ಲಿಷ್ ಮಾತಾಡೋ ಗಂಡಸು?" ಮತ್ತೆ ಹಾಡಿಸಬೇಕಾಯಿತು. ಅವತ್ತು ಅವರಿಗೆ ಗಂಟಲು ಬೇರೆ ಕಟ್ಟಿತ್ತು.

ಹಾಡಿನ ಲೆವೆಲ್ ಹೇಗೆ ನೋಡೋದು ಅಂತ ಎಲ್ಲರೂ ಕೇಳುತ್ತಾರೆ. ಒಸಾರಾದ ಪೀಕ್ ವಾಚರ್ ಇದೆ. ಇಷ್ಟು ಡೆಸಿಬಲ್ ದಾಟಿದರೆ ಹೇಳು ಅಂತ ಇಟ್ಟರೆ ಹೇಳುತ್ತದೆ. ನಾನು ಮೈನಸ್ 6ಕ್ಕೆ ಇಟ್ಟಿದ್ದೇನೆ. ಭಜನೆಯವರು ಮೊದಲು ಮೆಲ್ಲಗೆ ಹಾಡಿ ಕೊನೆಯಲ್ಲಿ ಕೂಗುತ್ತಾರೆ. ಹಾಗಾಗಿ ಗೇನ್ ಇಡುವಾಗ "ಕೊನೇ ಸಾಲು ಹಾಡಿ" ಅಂತ ಕೇಳಬೇಕು, ಮೊದಲ ಸಾಲಲ್ಲ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಹಿಡಿಯೋ ಸದ್ದಿನ ತುಣುಕು, 128ಕ್ಕೆ ಇಟ್ಟು ರೆಕಾರ್ಡ್, ಸೆಕೆಂಡಿಗೆ 48,000 ರೇಟಿನಲ್ಲಿ ಅದರ ತಡ ಮೂರು ಮಿಲಿಸೆಕೆಂಡಿಗಿಂತ ಕಡಿಮೆ. 64ಕ್ಕೆ ಇಳಿಸಿದರೆ ನನ್ನ ಲ್ಯಾಪ್‌ಟಾಪ್ ಹುರಿಗಡಲೆ ಹುರಿದ ಹಾಗೆ ಚಟಪಟ ಅನ್ನುತ್ತದೆ. ಮಿಕ್ಸ್ ಮಾಡುವಾಗ 512.

ಲಯಕ್ಕೆ ಕ್ಲಿಕ್ ಕ್ಲಿಕ್ ಅನ್ನೋ ಮೆಟ್ರೋನೋಮ್ ಹಾಕಿ ಹಾಡಿಸೋ ಆಸೆ ಇತ್ತು. ಎರಡು ಸಂಜೆ ಅದಕ್ಕೇ ಹೋಯಿತು. ಭಜನೆ ನಡೆಯುತ್ತಾ ನಡೆಯುತ್ತಾ ಓಡುತ್ತದೆ, ಅದೇ ಅದರ ಗುಣ. ಕ್ಲಿಕ್ ಹಿಂದೆ ಉಳಿಯಿತು, ಮಂಡಳಿ ಮುಂದೆ ಹೋಯಿತು. ತೆಗೆದುಬಿಟ್ಟೆ. ಹನ್ನೊಂದು ಜನ, ತಬಲಾ, ತಾಳ ಎಲ್ಲಾ ಒಂದೇ ಕೋಣೆಯಲ್ಲಿ, ಎರಡೇ ಮೈಕಿನಲ್ಲಿ. ತಾಳದ ಸದ್ದು ಎಲ್ಲವನ್ನೂ ನುಂಗದ ಹಾಗೆ ಯಾರನ್ನು ಎಲ್ಲಿ ಕೂರಿಸಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಆರು ತಿಂಗಳು ಒದ್ದಾಡಿ ಕಂಡುಕೊಂಡಿದ್ದು. ಮನೆಗೆ ಬನ್ನಿ, ತಟ್ಟೆ ಇಡ್ಲಿ ತಿಂದುಕೊಂಡು ಹೇಳ್ತೀನಿ.

ರೆಕಾರ್ಡಿಂಗಿನಲ್ಲಿ ಬರೋ ಗುಂಯ್ ಸದ್ದಿನ, ಅಂದರೆ ಹಮ್‌ನ ಕತೆ ಹೇಳಲೇಬೇಕು. ಮೊದಲ ರೆಕಾರ್ಡಿಂಗಿನಲ್ಲಿ ಕೆಳಗೆ ಸಣ್ಣಗೆ ಒಂದು ನಾದ. ನಾನು ತಂಬೂರಿ ಆ್ಯಪ್ ಆಫ್ ಮಾಡಿಲ್ಲ ಅಂದುಕೊಂಡೆ. ಆಫ್ ಮಾಡಿದ್ದೆ. ಆಮೇಲೆ ಲೆಕ್ಕ ಹಾಕಿದೆ. ಅಮ್ಮನವರ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಐದು ಮನೆ, ಅಂದರೆ ಜಿ ಸ್ವರ. ಅದರ ಕೆಳಗಿನ ಷಡ್ಜ 98 ಹರ್ಟ್ಸ್. ಕರೆಂಟಿನ ಹಮ್ 50, ಅದರ ದುಪ್ಪಟ್ಟು 100. ಹೆಚ್ಚುಕಡಿಮೆ ಶ್ರುತಿ ಸೇರಿಯೇ ಗುಂಯ್ಗುಡುತ್ತಿತ್ತು, ಒಂದು ಕೂದಲೆಳೆ ಮೇಲೆ! ಅದಕ್ಕೇ ಯಾರಿಗೂ ಬೇಗ ಗೊತ್ತಾಗಲಿಲ್ಲ, ಆದರೆ ಹಾಡು ಸ್ವಲ್ಪ ಇಳಿದ ಹಾಗೆ ಕೇಳುತ್ತಿತ್ತು. ಕೇಬಲ್ ಬದಲಾಯಿಸಿದೆ, 900 ಹೋಯಿತು. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು, ಎರಡು ಬಿಂದಿಗೆ ನೀರು ಹಾಕಿಸಿದೆ. ಸ್ವಲ್ಪ ಕಡಿಮೆ ಆಯಿತು. ಒಂದು ರಾತ್ರಿ ಕರೆಂಟು ಹೋದಾಗ ಹಮ್ಮೂ ಹೋಯಿತು. ಲ್ಯಾಪ್‌ಟಾಪಿನ ಚಾರ್ಜರ್! ಅವತ್ತಿನಿಂದ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ರೆಕಾರ್ಡಿಂಗ್. ಉಳಿದಿದ್ದ ಹಳೇ ಹಾಡುಗಳಿಗೆ ರೀಪರಿನ ಜೊತೆಗೇ ಬರುವ ರಿಯಾಎಫ್‌ಐಆರ್ ಅನ್ನೋ ಪ್ಲಗಿನ್‌ನಲ್ಲಿ (ಒಳಗೆ ಸೇರಿಸಿಕೊಳ್ಳೋ ಸಣ್ಣ ಸಾಫ್ಟ್‌ವೇರ್) ಸಬ್‌ಟ್ರ್ಯಾಕ್ಟ್ ಇಟ್ಟು, ಖಾಲಿ ಜಾಗದ ಸದ್ದು ಕಲಿಸಿ ಕಳೆದೆ. ಜಾಸ್ತಿ ಕಳೆದರೆ ದನಿ ಬಾವಿಯೊಳಗಿಂದ ಬಂದ ಹಾಗಾಗುತ್ತದೆ, ಹುಷಾರು. ಹೈವೇ ಲಾರಿಗಳ ಸದ್ದಿಗೆ ಮಾತ್ರ ಯಾವ ಪ್ಲಗಿನ್ನೂ ಇಲ್ಲ. ರಾತ್ರಿ ಹತ್ತರ ಮೇಲೆ ಕೂರುತ್ತೇವೆ.

ಕತ್ತರಿಸೋದು ಎಲ್ಲರೂ ಹೆದರಿಸಿದಷ್ಟು ಕಷ್ಟವೇ ಅಲ್ಲ. ಹಾಡು ಓಡುತ್ತಿರುವಾಗಲೇ ಚೌಕ ಬ್ರಾಕೆಟಿನ ಎರಡು ಕೀ, ಒಂದು ಶುರುವಿಗೆ, ಒಂದು ಕೊನೆಗೆ. ನಾವು ಜೀವನವೆಲ್ಲಾ ಕೇಳಿಯೇ ಕೆಲಸ ಮಾಡಿದವರು, ಉಸಿರು ಎಲ್ಲಿ ಶುರುವಾಯಿತು ಅನ್ನೋದು ವೇವ್ ನೋಡುವವರಿಗಿಂತ ನಮಗೇ ಬೇಗ ಸಿಗುತ್ತದೆ. ಜಂಬ ಅಂದುಕೊಂಡರೂ ಪರವಾಗಿಲ್ಲ. ಪ್ಲಗಿನ್ನುಗಳ ಚಿತ್ರದ ಕಿಟಕಿಗೆ ಹೋಗಲೇಬೇಡಿ, ಒಸಾರಾದ ಎಫ್‌ಎಕ್ಸ್ ಪ್ಯಾರಾಮೀಟರ್ ಪಟ್ಟಿಯಲ್ಲಿ ಬಾಣದ ಕೀಯಲ್ಲೇ ಎಲ್ಲಾ ಆಗುತ್ತದೆ. ಈ ಒಸಾರಾ ಶುರು ಮಾಡಿದ ಜೇಮಿ ಟೆ, ಮೈಕಲ್ ಕರನ್ ಜೊತೆ ಎನ್‌ವಿಡಿಎ ಕಟ್ಟಿದವರು. ಇಬ್ಬರೂ ನಮ್ಮ ಹಾಗೇ ಕಣ್ಣು ಕಾಣದವರು, ಆಸ್ಟ್ರೇಲಿಯಾದವರು. ಅದಕ್ಕೇ ನಮ್ಮ ಕಷ್ಟ ಎಲ್ಲಿದೆ ಅಂತ ಅವರಿಗೆ ಗೊತ್ತು.

ಮಧ್ಯೆ ಒಂದು ಹುಚ್ಚು ಹಿಡಿದಿತ್ತು. ನಮ್ಮದು ಗುಬ್ಬಿ ವೀರಣ್ಣನವರ ಜಿಲ್ಲೆ, ನಾಟಕದ ಲೆಗ್ ಹಾರ್ಮೋನಿಯಂ ಸದ್ದು ಕೇಳಿ ಬೆಳೆದವನು ನಾನು. ನನ್ನ ಪೆಟ್ಟಿಗೆಯನ್ನೇ ಕಂಪ್ಯೂಟರಿಗೆ ಇಳಿಸೋಣ ಅಂತ ಮೂರು ಮನೆಗೆ ಒಂದರಂತೆ 14 ಸ್ವರ ರೆಕಾರ್ಡ್ ಮಾಡಿ, ಅವನ್ನು ಕೀಲಿಗಳಿಗೆ ಹಂಚಿ ನುಡಿಸೋ ರೀಪರಿನ ರಿಯಾಸ್ಯಾಂಪ್ಲೋಮ್ಯಾಟಿಕ್‌ಗೆ ಹಾಕಿದೆ. ನಾಲ್ಕು ಭಾನುವಾರ ಹೋಯಿತು. ಸ್ವರ ಬಂತು, ಉಸಿರು ಬರಲಿಲ್ಲ. ತಿದಿ ಒತ್ತಿದಾಗ ದನಿ ಉಬ್ಬುತ್ತದಲ್ಲ, ಅದೇ ಇಲ್ಲ. ಜಾತ್ರೆಯ ಪೀಪಿ ಥರ ಇತ್ತು. ಸರ್ಜ್ ಎಕ್ಸ್‌ಟಿ ಅನ್ನೋ, ಕಂಪ್ಯೂಟರಿನಲ್ಲೇ ವಾದ್ಯದ ಸದ್ದು ಹುಟ್ಟಿಸೋ ಉಚಿತ ಸಿಂಥ್ ಸ್ಕ್ರೀನ್ ರೀಡರಿಗೆ ಚೆನ್ನಾಗಿ ಓದಿಸುತ್ತದೆ, ಅದರಲ್ಲಿ ತಂಬೂರಿ ಮಾಡೋ ಪ್ರಯತ್ನ ಇನ್ನೂ ನಡೆದಿದೆ. ಕೋಲಾರದ ಗೆಳೆಯರೊಬ್ಬರು ಐಫೋನಿನ ಗ್ಯಾರೇಜ್‌ಬ್ಯಾಂಡ್ ಅನ್ನೋ ರೆಕಾರ್ಡಿಂಗ್ ಆ್ಯಪಿನಲ್ಲೇ, ಆ ಫೋನಿನದ್ದೇ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ ಹಾಕಿಕೊಂಡು ಮುಗಿಸಿಬಿಡುತ್ತಾರೆ. ಅವರ ಫೋನಿನ ಬೆಲೆಗೆ ನನ್ನ ಇಡೀ ಏರ್ಪಾಡು ಬರುತ್ತದೆ ಅಂತ ನಾನು ರೇಗಿಸುತ್ತಿರುತ್ತೇನೆ.

ನನ್ನ ಲೆಕ್ಕ ಹೇಳಿಬಿಡ್ತೀನಿ. ಮೈಕ್ 5,000, ಸ್ಟ್ಯಾಂಡು ಗೀಂಡು 2,000, ರೀಪರ್ ಲೈಸೆನ್ಸ್ 60 ಡಾಲರ್, ಆಗ ಐದು ಸಾವಿರ ಚಿಲ್ಲರೆ. 60 ದಿನ ಪುಕ್ಕಟೆ ನೋಡಬಹುದು, ನಾನು ಮೂರು ತಿಂಗಳು ಎಳೆದು ಆಮೇಲೆ ಕಟ್ಟಿದೆ. ಎಲ್ಲಾ ಸೇರಿ 60,000 ದಾಟಿದೆ. ಅದರಲ್ಲಿ 14,000 ನೀರಿಗೆ ಹಾಕಿದ್ದು. ಮಂಡಳಿಯವರು ಶಾಲು ಹೊದಿಸಿ 5,000 ಕೊಟ್ಟರು. ಈಗ ಮದುವೆ ಹಾಡು, ಶಾಲೆಯ ಪ್ರಾರ್ಥನೆ ಅಂತ ತಿಂಗಳಿಗೆ ಒಂದೋ ಎರಡೋ ಬರುತ್ತವೆ. ಹಾಡಿಗೆ 800 ತಗೋತೀನಿ.

ಮುಂದಿನ ವಾರ ಹರಿಕಥೆ ಇದೆ, ಎರಡೂವರೆ ಗಂಟೆ. ನನ್ನ ಬ್ಯಾಟರಿ ನಿಲ್ಲೋದು ಎರಡು ಗಂಟೆ. ಹೊಸ ಬ್ಯಾಟರಿಗೆ 3,200 ಹೇಳಿದ್ದಾರೆ. ಕಥೆ ಮಧ್ಯದಲ್ಲಿ ದಾಸರಿಗೆ ಕಾಫಿ ಕೊಡಿಸಿ ಅಷ್ಟರಲ್ಲಿ ಚಾರ್ಜ್ ಮಾಡಿಕೊಳ್ಳೋದು ಅಗ್ಗ.