ಪಾರ್ಟ್‌ಟೈಮ್ ಕೆಲಸವಾ? ಕಾಯಿಲೆ ಬಿದ್ದರೆ ದುಡ್ಡು ಹೀಗೆ ಪಡೆಯಿರಿ

ಬೆಳಿಗ್ಗೆ ಕಾಲೇಜು, ಸಂಜೆ ಐದರಿಂದ ಒಂಬತ್ತರವರೆಗೆ ಬಟ್ಟೆ ಅಂಗಡಿಯಲ್ಲೋ ಸೂಪರ್ ಮಾರ್ಕೆಟ್‌ನಲ್ಲೋ ಬಿಲ್ಲಿಂಗ್. ಡೆಂಗಿ ಬಂದು ಹತ್ತು ದಿನ ಮಲಗಿದಿರಿ ಅನ್ನಿ. ‘ಪಾರ್ಟ್‌ಟೈಮ್ ಹುಡುಗರಿಗೆ ಅದೆಲ್ಲ ಇಲ್ಲಪ್ಪ’ ಎಂದು ಮ್ಯಾನೇಜರ್ ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ. ಇಎಸ್‌ಐ, ಅಂದರೆ ಸಂಬಳದಿಂದ ಒಂದಿಷ್ಟು ಹಿಡಿದು ಕಾಯಿಲೆಯಲ್ಲಿ ಚಿಕಿತ್ಸೆ ಮತ್ತು ದುಡ್ಡು ಕೊಡುವ ಸರ್ಕಾರಿ ಕಾರ್ಮಿಕ ವಿಮೆ, ಪಾರ್ಟ್‌ಟೈಮ್ ಕೆಲಸಗಾರರಿಗೂ ಇದೆ.

ಮೊದಲು ಪೇ ಸ್ಲಿಪ್ ತೆಗೆದು ನೋಡಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಅಂಗಡಿ, ಹೋಟೆಲ್‌ಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರನ್ನು ಇಎಸ್‌ಐಗೆ ಸೇರಿಸಲೇಬೇಕು. ನಿಮ್ಮ ಸಂಬಳದಲ್ಲಿ ಶೇ 0.75 ಹಿಡಿಯುತ್ತಾರೆ, ಮಾಲೀಕರು ಶೇ 3.25 ಕಟ್ಟುತ್ತಾರೆ. 9,000 ಸಂಬಳಕ್ಕೆ ನಿಮ್ಮ ಪಾಲು 68 ರೂಪಾಯಿ, ಒಂದು ಮಸಾಲೆ ದೋಸೆಯ ದುಡ್ಡು. ಹತ್ತು ಅಂಕಿಯ ಇಎಸ್‌ಐ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ದುಡ್ಡು ಹಿಡಿದೂ ನಂಬರ್ ಕೊಡದಿದ್ದರೆ ಅಲ್ಲೇ ಏನೋ ಎಡವಟ್ಟಿದೆ.

ಇನ್ನು ದಿನದ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಒಂದು ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು. ಲೆಕ್ಕಕ್ಕೆ ಬರುವುದು ದಿನ, ಗಂಟೆಯಲ್ಲ. ನಾಲ್ಕು ಗಂಟೆ ದುಡಿದರೂ ಒಂದು ದಿನವೇ. ದಿನಗೂಲಿಯಲ್ಲಿ ಶನಿವಾರ, ಭಾನುವಾರ ಮಾತ್ರ ಹೋಗುವವರಿಗೆ ಆರು ತಿಂಗಳಲ್ಲಿ 52 ದಿನವಷ್ಟೇ ಆಗುತ್ತದೆ, ಸಾಲದು. ವಾರಕ್ಕೆ ಮೂರು ದಿನ ತಪ್ಪದೆ ಹೋದರೆ ಕೂದಲೆಳೆಯಲ್ಲಿ 78 ಮುಟ್ಟುತ್ತದೆ. ಹಾಗಾಗಿ ಕೆಲಸಕ್ಕೆ ಸೇರುವಾಗಲೇ ಇನ್ನೊಂದು ಸಂಜೆ ಕೇಳಿ ನೋಡಿ.

ಏಪ್ರಿಲ್–ಸೆಪ್ಟೆಂಬರ್‌ನಲ್ಲಿ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಹಕ್ಕು. ಅಕ್ಟೋಬರ್–ಮಾರ್ಚ್‌ನಲ್ಲಿ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್. ಮೊದಲ ಸಲ ಇಎಸ್‌ಐಗೆ ಸೇರಿದವರು ದುಡ್ಡಿಗೆ ಒಂಬತ್ತು ತಿಂಗಳು ಕಾಯಬೇಕು. ಚಿಕಿತ್ಸೆ ಮಾತ್ರ ಮೊದಲ ದಿನದಿಂದಲೇ ಸಿಗುತ್ತದೆ.

ಜ್ವರ ಬಂತೆಂದು ಪಕ್ಕದ ಬೀದಿಯ ಕ್ಲಿನಿಕ್‌ನ ಚೀಟಿ ಇಟ್ಟುಕೊಂಡರೆ ಸಾಲದು. ಇಎಸ್‌ಐ ಡಿಸ್ಪೆನ್ಸರಿಗೇ ಹೋಗಿ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಅದನ್ನು ಇಟ್ಟು ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಅರ್ಜಿ ಕೊಡಿ. ದುಡ್ಡು ಬ್ಯಾಂಕ್ ಖಾತೆಗೆ ಬರುತ್ತದೆ. ಸರಾಸರಿ ದಿನದ ಸಂಬಳದ ಶೇ 70 ಕೊಡುತ್ತಾರೆ, ವರ್ಷಕ್ಕೆ 91 ದಿನದವರೆಗೆ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಏನೂ ಇಲ್ಲ. ದಿನಕ್ಕೆ 300 ರೂಪಾಯಿ ಬೀಳುವ ಹುಡುಗಿ ಹತ್ತು ದಿನ ಮಲಗಿದರೆ ಎಂಟು ದಿನಕ್ಕೆ 210ರಂತೆ 1,680 ರೂಪಾಯಿ. ಕಡಿಮೆಯೇ, ಆದರೆ ಪಿಜಿ ಬಾಡಿಗೆಗೆ ಒಂದಿಷ್ಟು ಆಯಿತು ಅಲ್ವಾ? ಈ ಭತ್ಯೆ ಪಡೆಯುತ್ತಿರುವಾಗ ಮಾಲೀಕರು ಕೆಲಸದಿಂದ ತೆಗೆಯುವಂತಿಲ್ಲ.

ಬಿಟ್ಟುಹೋದ ಆ ಎರಡು ದಿನಕ್ಕೆ ಇನ್ನೊಂದು ದಾರಿ ಇದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆಗೆಂದು ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. ರಜೆ ಚೀಟಿಯನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆದು ಕಳಿಸಿ, ಬಾಯಿಮಾತಿಗೆ ದಾಖಲೆ ಇರುವುದಿಲ್ಲ. ಒಂದೇ ದಿನಕ್ಕೆ ಸಂಬಳವೂ ಭತ್ಯೆಯೂ ಎರಡೂ ಸಿಗುವುದಿಲ್ಲ, ನೆನಪಿರಲಿ.

ಆ್ಯಪ್‌ನಲ್ಲಿ ಊಟ ತಲುಪಿಸುವ ಹುಡುಗರಿಗೆ ಈ ದಾರಿ ಇಲ್ಲ. ಅವರಿಗಾಗಿ ರಾಜ್ಯ 2025ರಲ್ಲಿ ಬೇರೆಯೇ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ.

ಮಾಲೀಕರು ಇಎಸ್‌ಐಗೆ ಸೇರಿಸದೆ ಸತಾಯಿಸಿದರೆ ಇಎಸ್‌ಐ ನಡೆಸುವ ನಿಗಮವಾದ ಇಎಸ್‌ಐಸಿಯ ಉಚಿತ ಸಹಾಯವಾಣಿ 1800-11-2526ಕ್ಕೆ ಕರೆ ಮಾಡಿ. ಪೇ ಸ್ಲಿಪ್ ಕೈಯಲ್ಲೇ ಇರಲಿ.